ಚೌಕಗಳ ಮೇಲು ಕೆಳಗು

ನನ್ನ ಗಣಿತದ ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ತಾನೂ ಬರುತ್ತೇನೆಂದು ಅವ್ವ ಹೊರಟಾಗ ನನ್ನ ಜೀವ ಬಾಯಿಗೆ ಬಂತು. ನಮ್ಮ ಸಂಸ್ಥೆಯಲ್ಲಿ ಆ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂಡಬಹುದು. ಯಾರೂ ಬರುವುದಿಲ್ಲ, ಅದು ಬೇರೆ ಮಾತು. ಪುಣೆಯ ಕ್ಯಾಂಪ್ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ನಾನು ವರ್ಷಗಟ್ಟಲೆ ಹಾಳೆಯ ಮೇಲೆ ಚೌಕ ಬರೆಯುತ್ತ ಕೂತದ್ದನ್ನು ಕಂಡು, “ಖಾಲಿ ಕೂತೀಯಲ್ಲ, ಅಂಗಡಿಗೆ ಬಾ” ಎನ್ನುವುದು ಅವ್ವನ ರೂಢಿ. ಪದವಿ ಹೇಗೂ ಸಿಗುತ್ತಿತ್ತು. ಇದೂ ಒಂದು ಕೆಲಸ ಎಂದು ಆಕೆ ಒಮ್ಮೆ ಒಪ್ಪಿದರೆ ಸಾಕಿತ್ತು ನನಗೆ.

ಕೆಲವು ವಸ್ತುಗಳನ್ನು ಅದಲುಬದಲು ಮಾಡುವ ಎಲ್ಲ ರೀತಿಗಳೂ ಸೇರಿ ಒಂದು ಗ್ರೂಪ್. ಅದನ್ನು ಮ್ಯಾಟ್ರಿಕ್ಸ್‌ಗಳ ಮೂಲಕ ನೋಡಿದರೆ ಇನ್ನು ಒಡೆಯಲಾಗದ ತುಂಡುಗಳು ಸಿಗುತ್ತವೆ, ಒಂದೊಂದಕ್ಕೂ ಉದ್ದ ಗಿಡ್ಡ ಸಾಲುಗಳಲ್ಲಿ ಜೋಡಿಸಿದ ಚೌಕಗಳ ಒಂದು ಚಿತ್ರ. ಸೋಜಿಗವೆಂದರೆ ಲೀ ಆಲ್ಜೀಬ್ರಾ ಎಂಬ ಗಣಿತದ ಪೂರ್ತಿ ಬೇರೆ ಓಣಿಯಲ್ಲೂ ಇವೇ ಚಿತ್ರಗಳು ಓಡಾಡುತ್ತವೆ. ನನ್ನ ಗೈಡ್ ಗ್ರೂಪ್ ಓಣಿಯವರು, ಉದ್ದ ಸಾಲನ್ನು ಮೇಲಿಟ್ಟು ಕೆಳಗಿಳಿಯುವವರು. ಹೊರಗಿನಿಂದ ಬಂದ ಪರೀಕ್ಷಕರು ಲೀ ಓಣಿಯವರು, ಅದೇ ಸಾಲನ್ನು ತಳಕ್ಕಿಟ್ಟು ಮೇಲೆ ಕಟ್ಟುವವರು. ಎರಡರಲ್ಲೂ ಗಣಿತ ಒಂದೇ. ಅದನ್ನು ಅವರಿಬ್ಬರಿಗೆ ಹೇಳುವವರು ಯಾರು?

ನಾನು ಹಲಗೆಯ ಮೇಲೆ ಮೊದಲ ಚಿತ್ರ ಬರೆಯುತ್ತಲೇ ಪರೀಕ್ಷಕರು ಕತ್ತು ವಾಲಿಸಿ, “ಇವು ತಲೆಕೆಳಗಾಗಿವೆ” ಎಂದರು.

“ತಲೆಕೆಳಗು ನಿಮ್ಮವು” ಎಂದರು ಗೈಡ್.

ಅಲ್ಲಿಗೆ ಇಂಗ್ಲಿಷ್ ಮುಗಿದು ಮರಾಠಿ ಶುರುವಾಯಿತು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಅವ್ವ ನೆಟ್ಟಗೆ ಕೂತಳು. ಎಲ್ಲ ಚಿತ್ರಗಳನ್ನೂ ತಿರುಗಿಸದೆ ಸಹಿ ಹಾಕುವುದಿಲ್ಲ ಎಂದು ಪರೀಕ್ಷಕರು, ಒಂದು ಚೌಕ ಅಲುಗಿದರೂ ತಾವು ಹಾಕುವುದಿಲ್ಲ ಎಂದು ಗೈಡ್. ಜಗಳ ನಿಲ್ಲಿಸಲು ಪರೀಕ್ಷಾ ಸಮಿತಿಯ ಅಧ್ಯಕ್ಷರು, ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ಸಭಿಕರು ಅಂದರೆ ಅವ್ವ. ಆಕೆ ಕೈಯೆತ್ತಿ, ಉದ್ದದ್ದು ಕೆಳಗಿರುವುದೇ ಚೆಂದ, ಇಲ್ಲದಿದ್ದರೆ ಬಿದ್ದೀತು ಎಂದು ಶುದ್ಧ ಮರಾಠಿಯಲ್ಲಿ ತೀರ್ಪು ಕೊಟ್ಟಳು. ಗೈಡ್ ನನ್ನನ್ನು ನುಂಗುವಂತೆ ನೋಡಿದರು. ನನ್ನ ಹೆತ್ತವ್ವ ವಿರೋಧ ಪಕ್ಷ ಸೇರಿದ್ದಳು!

ಕೊನೆಗೆ ಗೈಡೇ ಪ್ರಬಂಧದಿಂದ ಒಂದು ಹಾಳೆ ಕಿತ್ತು, ತಲೆಕೆಳಗು ಮಾಡಿ, ಹಿಂಬದಿ ಕಾಣುವಂತೆ ಕಿಟಕಿಯ ಬೆಳಕಿಗೆ ಹಿಡಿದರು. ಹಾಗೆ ನೋಡಿದರೆ ಉದ್ದ ಸಾಲು ತಳಕ್ಕೆ ಬರುತ್ತದೆ, ಎಡಬದಿ ಎಡಕ್ಕೇ ಉಳಿಯುತ್ತದೆ. ಪರೀಕ್ಷಕರು ಕನ್ನಡಕ ಏರಿಸಿ ನೋಡಿ, “ಹೀಗಾದರೆ ಓದಬಹುದು” ಎಂದು ಸಹಿ ಹಾಕಿದರು. ಆ ಹರಿದ ಪ್ರತಿಯೇ ಗ್ರಂಥಾಲಯಕ್ಕೆ ಹೋಯಿತು.

ಹೊರಗೆ ಚಹಾ ಕುಡಿಯುವಾಗ ನಾನು ಅವ್ವನ ಮುಖ ನೋಡಲು ಹೆದರುತ್ತಿದ್ದೆ. ಆಕೆ ನನ್ನ ಕೈ ಹಿಡಿದುಕೊಂಡಳು.

“ನೀ ಹೇಳಿದ್ದು ಒಂದೂ ತಿಳೀಲಿಲ್ಲ ನೋಡವಾ. ಆದ್ರ ಅಷ್ಟು ಶಾಣ್ಯಾ ಮಂದಿ ನೀ ಬರದದ್ದಕ್ಕ ಹೆಂಗ ಕಚ್ಚ್ಯಾಡಿದ್ರು! ಮನ್ಯಾಗ ನಾವು ಯಾರೂ ಅದನ್ನ ಇಷ್ಟು ಕಣ್ಣಿಟ್ಟು ನೋಡಲಿಲ್ಲ.”

ನಾಳೆ ಅಂಗಡಿಗೆ ಎಷ್ಟು ಹೊತ್ತಿಗೆ ಬರಲಿ ಎಂದು ಮಾತು ತಿರುಗಿಸಿದೆ.

“ಬರಬ್ಯಾಡ,” ಎಂದಳು ಅವ್ವ, “ನಿನಗ ಕೆಲಸ ಇರತದ.”