ನಾಲ್ಕನೆಯ ಕಲ್ಲು

ದಯವಿಟ್ಟು ನಂಬಿ ಎಂದು ಯಾರನ್ನೂ ಬೇಡುವ ವಯಸ್ಸಲ್ಲ ನನ್ನದು, ಎಪ್ಪತ್ತೊಂದು. ಆದರೆ ಹೋದ ಚಳಿಗಾಲದಲ್ಲಿ ಹನೂರಿನ ಕಡೆಯ ಆ ಬೆಟ್ಟದ ಕೋಟೆಯಲ್ಲಿ ನಡೆದದ್ದು ನನ್ನ ಇಮ್ಯಾಜಿನೇಷನ್ ಅಲ್ಲ. ಜೊತೆಗೆ ಇಬ್ಬರಿದ್ದರು. ಕೇಳಬಹುದು.

ನಮ್ಮ ಸೀಮೆಯ ಪಾಳೆಯಗಾರರ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯಬೇಕೆಂಬುದು ನನ್ನ ರಿಟೈರ್ಮೆಂಟ್ ಹುಚ್ಚು. ಕೋಟೆ ನೋಡಲು ಕೊಳ್ಳೇಗಾಲದಿಂದ ಕಾರು ಮಾಡಿಕೊಂಡು ಹೊರಟೆ. ತಂಗಿ ಸರಸು ಹಟ ಹಿಡಿದು ತಾನೂ ಬಂದಳು. ಅವಳಿಗೆ ಕ್ಯಾಟರಾಕ್ಟ್, ಹೊತ್ತು ಮುಳುಗಿದರೆ ಎದುರಿಗಿದ್ದವರ ಮುಖವೂ ತಿಳಿಯದು. ಬೆಳಕಿರುವಾಗಲೇ ಇಳಿಸುತ್ತೇನೆಂದು ಅವಳ ಮಗಳಿಗೆ ಪ್ರಾಮಿಸ್ ಮಾಡಿದ್ದೆ.

ದಾರಿ ತೋರಿಸಲು ಬಂದವಳು ತಪ್ಪಲಲ್ಲಿ ಆಡು ಮೇಯಿಸುವ ಮಾದಮ್ಮ. ಹೆಬ್ಬಾಗಿಲ ಬಳಿ ನಿಲ್ಲಿಸಿ, ಗೋಡೆಯಲ್ಲಿದ್ದ ಗೂಡು ತೋರಿಸಿದಳು.

"ಒಂದೊಂದ್ ಕಲ್ ಮಡಗ್ಬುಟ್ಟು ಒಳೀಕ್ ಬನ್ನಿ ಅವ್ವಾ. ಇಳಿವಾಗ ಅವರವ್ರ ಕಲ್ಲ ಅವರವ್ರೇ ತಕಬೇಕು."

ಪಾಳೆಯಗಾರರ ಕಾಲದ ಪದ್ಧತಿಯಂತೆ. ಗೂಡಿನಲ್ಲಿ ಕಲ್ಲು ಉಳಿದಿದ್ದರೆ ಒಳಗೆ ಯಾರೋ ಉಳಿದಿದ್ದಾರೆಂದು ಅರ್ಥ. ಕಾವಲಿನವನು ಕದ ಮುಚ್ಚುವಂತಿರಲಿಲ್ಲ. ಈಗ ಕದವೇ ಇಲ್ಲ, ಪದ್ಧತಿ ಇದೆ.

ನನಗೆ ಅದು ಹೊಸದಲ್ಲ. ಎಂಟನೇ ಕ್ಲಾಸಿನಲ್ಲಿ ಮೈಸೂರಿನ ಕಾನ್ವೆಂಟಿನಿಂದ ಎಕ್ಸ್‌ಕರ್ಷನ್ ಬಂದಾಗ ನಾನೂ ಇಲ್ಲಿ ಕಲ್ಲಿಟ್ಟಿದ್ದೆ, ಕಂಪಾಸಿನ ಮೊನೆಯಿಂದ ನನ್ನ ರೋಲ್ ನಂಬರ್ ಹದಿನಾಲ್ಕನ್ನು ಅದರ ಮೇಲೆ ಗೀಚಿ. ಇಳಿಯುವಾಗ ಉಳಿದ ಹುಡುಗಿಯರೆಲ್ಲ ತಂತಮ್ಮದನ್ನು ತೆಗೆದುಕೊಂಡರು. ನಾನೊಬ್ಬಳು "ಸಿಲ್ಲಿ ಸೂಪರ್‌ಸ್ಟಿಷನ್" ಎಂದು ಮೂಗು ಮುರಿದು ಬಸ್ಸು ಹತ್ತಿದ್ದೆ.

ಇದನ್ನು ಮಾದಮ್ಮನಿಗೆ ಹೇಳಲಿಲ್ಲ. ಗೂಡಿನಲ್ಲಿ ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ. ಮೂವರೂ ಮೂರು ಕಲ್ಲಿಟ್ಟೆವು.

ಮೇಲೆ ಮದ್ದಿನ ಮನೆ, ಕೊಳ, ಬುರುಜು... ಅಳೆಯುತ್ತ, ಬರೆದುಕೊಳ್ಳುತ್ತ ನನಗೆ ಹೊತ್ತೇ ತಿಳಿಯಲಿಲ್ಲ. ಮಾದಮ್ಮ ಎರಡು ಸಲ ಎಚ್ಚರಿಸಿದಳು. ಮೂರನೆಯ ಸಲ ಕರೆಯುವಷ್ಟರಲ್ಲಿ ಕತ್ತಲು.

ಬಂಡೆಯಲ್ಲೇ ಕಡಿದ ಮೆಟ್ಟಿಲು, ಒಬ್ಬರು ಹೋಗುವಷ್ಟೇ ಅಗಲ. ಬಲಕ್ಕೆ ಕಮರಿ. ಮುಂದೆ ಮಾದಮ್ಮ, ಅವಳ ಹಿಂದೆ ಟಾರ್ಚು, ಕೋಲು ಹಿಡಿದ ನಾನು, ನನ್ನ ಭುಜ ಹಿಡಿದು ಸರಸು. ಅವಳದೊಂದು ಹೆಜ್ಜೆ ತಪ್ಪಿದರೆ...

ಅರ್ಧ ಇಳಿದಿದ್ದೆವು. ಭುಜ ಹಗುರವಾಯಿತು.

"ಸರಸೂ, ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ ಅಕ್ಕ, ನೀನು ನಡಿ."

ಭುಜದ ಮೇಲೆ ಕೈ ಇರಲಿಲ್ಲ.

ತಿರುಗಲು ಜಾಗವೂ ಇಲ್ಲ, ಧೈರ್ಯವೂ ಇಲ್ಲ. ಹಿಂದೆ ಸರಸುವಿನ ಚಪ್ಪಲಿಯ ಸದ್ದು... ಅದರ ಜೊತೆಗೆ ಇನ್ನೊಂದು. ಚುಯ್... ಚುಯ್... ಒದ್ದೆ ರಬ್ಬರು ಕಲ್ಲಿಗೆ ಉಜ್ಜಿದ ಹಾಗೆ. ಆಮೇಲೆ ವಾಸನೆ ಬಂತು. ಡ್ರಿಲ್ ಕ್ಲಾಸಿಗೆಂದು ಕ್ಯಾನ್ವಾಸ್ ಶೂಗಳಿಗೆ ಹಚ್ಚುತ್ತಿದ್ದೆವಲ್ಲ, ಆ ಬಿಳಿ ಪಾಲಿಶ್. ಐವತ್ತೆಂಟು ವರ್ಷ ಮೂಗಿಗೆ ಬೀಳದ ವಾಸನೆ.

ಹೆಬ್ಬಾಗಿಲಿನಲ್ಲಿ ಮಾದಮ್ಮ ತನ್ನ ಕಲ್ಲು ತೆಗೆದಳು. ಸರಸುವಿನ ಕೈಗೆ ಅವಳದು ಸಿಕ್ಕಿತು, ನನಗೆ ನನ್ನದು. ಮಾದಮ್ಮ ಗೂಡನ್ನು ಇನ್ನೊಮ್ಮೆ ತಡವಿದಳು. ತಟ್ಟನೆ ಕೈ ಎಳೆದುಕೊಂಡಳು.

ಟಾರ್ಚಿನ ಬೆಳಕು ಬಿಟ್ಟೆ. ಒಣ ಪಾಚಿ ಹಿಡಿದ ಪುಟ್ಟ ಕಲ್ಲು. ಅದರ ಮೇಲೆ ಸೊಟ್ಟಗೆ, ಹದಿನಾಲ್ಕು.

"ಯಾರ್ದವ್ವಾ ಇದು?" ಮಾದಮ್ಮನ ದನಿ ಪಿಸುಮಾತಿಗಿಳಿದಿತ್ತು. "ಕಲ್ ಮಡಗ್ದೋರು ತಕಂಡ್ರೆ ಒಳಗಿರೋರೂ ಜೊತ್ಗೆ ಬತ್ತಾರೆ. ಇಲ್ದಿದ್ರೆ ಇಲ್ಲೇಯ."

ನನ್ನದೇ ಎಂದು ಗೊತ್ತಿತ್ತು. ಕೈ ಮುಂದಾಗಲಿಲ್ಲ. ಯಾರದೋ ಹಳೆಯದಿರಬೇಕು, ನಡೆಯಿರಿ ಎಂದೆ. ಹೊಸ್ತಿಲು ದಾಟಿದೆವು. ಆ ಚುಯ್ ಸದ್ದು ಹೊಸ್ತಿಲ ಒಳಗೇ ನಿಂತಿತು.

ಕಾರು ಹನೂರು ದಾಟಿದ ಮೇಲೆ ಸರಸು ಬಾಯಿ ಬಿಟ್ಟಳು.

"ಮೆಟ್ಟಿಲ ಮೇಲೆ ಕಾಲು ಜಾರಿಬಿಡ್ತು ಅಕ್ಕ. ನೀನು ಕೈ ಹಿಡೀದೆ ಇದ್ದಿದ್ರೆ ನಾನು ಕಮರಿಗೇ. ಎಷ್ಟು ಮೆತ್ತಗಿತ್ತು ನಿನ್ನ ಕೈ, ಸ್ಕೂಲ್ ಹುಡುಗೀರ ಥರ. ಎಲ್ಲಿ ಹೋಯ್ತು ನಿನ್ನ ಆರ್ತ್ರೈಟಿಸ್ಸು?"

ಇಳಿಯುವಾಗ ನನ್ನ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು ಇತ್ತು. ಗಂಟು ಕಟ್ಟಿದ ನನ್ನ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ.

ಸರಸುವಿಗೆ ಈಗ ಕಣ್ಣಿನ ಆಪರೇಷನ್ ಆಗಿದೆ. ಕೊಳವನ್ನು ಸರಿಯಾಗಿ ನೋಡಬೇಕು, ಇನ್ನೊಮ್ಮೆ ಹೋಗೋಣ ಎಂದು ಪೀಡಿಸುತ್ತಾಳೆ. ಪುಸ್ತಕದ ಆ ಚಾಪ್ಟರ್ ಅರ್ಧಕ್ಕೇ ನಿಂತಿದೆ. ಹೊತ್ತು ಇಳಿಯುತ್ತಿದ್ದಂತೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬೀದಿ ಬಾಗಿಲಿಗೆ ಹೋಗಿ ಬರುತ್ತೇನೆ, ಮತ್ತೆ ಹೋಗುತ್ತೇನೆ.

ನನ್ನ ತಂಗಿಯನ್ನು ಉಳಿಸಿದವಳನ್ನು ಎರಡನೆಯ ಸಲವೂ ಅಲ್ಲೇ ಬಿಟ್ಟು ಬಂದೆ... ಮೊದಲ ಸಲವಾದರೂ ಗೊತ್ತಿರಲಿಲ್ಲ.