ಮಾಸ್ತರರ ದನಿ ಕಿತ್ತುಕೊಂಡ ಸಿನಿಮಾ

ಆರು ವರ್ಷಗಳ ಹಿಂದೆ ನಾನು ಒಂದು ಕನ್ನಡ ಚಿತ್ರಕ್ಕೆ ಡಯಲೆಕ್ಟ್ ಕೋಚ್ ಆಗಿದ್ದೆ. ನಟರ ಬಾಯಲ್ಲಿ ಆಯಾ ಊರಿನ ಮಾತು ಸರಿಯಾಗಿ ಬರುವಂತೆ ನೋಡಿಕೊಳ್ಳುವ ಕೆಲಸವದು. ಭಾರತೀಯರೆಲ್ಲ ಒಂದೇ ಎಂದು ಸಾರುವ ಕಥೆ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಗರಗ ಹಳ್ಳಿಯಲ್ಲಿ ಹತ್ತು ದಿನ ಚಿತ್ರೀಕರಣ. ಧ್ವಜದ ಖಾದಿ ನೇಯುವ ಮುಸ್ಲಿಂ ಮುದುಕನ ಪಾತ್ರಕ್ಕೆ ಅದೇ ಸೀಮೆಯ ಅಮ್ಮಿನಬಾವಿಯ ದಾವಲಸಾಬ ಮಾಸ್ತರರನ್ನು ನಾನೇ ಸೂಚಿಸಿದ್ದೆ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿದವರು, ಹವ್ಯಾಸಿ ರಂಗನಟರು.

ಮೊದಲ ಟೇಕ್‌ಗೆ ಲೈಟ್ ಹಿಡಿದವರೂ ತಲೆದೂಗಿದರು. ಬೆಂಗಳೂರಿನ ನಿರ್ದೇಶಕ ಮಾತ್ರ ಹತ್ತಿರ ಬಂದು, “ಸರ್, ಕನ್ನಡ ತುಂಬಾ ಚೆನ್ನಾಗಿದೆ. ಆದ್ರೆ ಸ್ವಲ್ಪ ಮುಸ್ಲಿಂ ಥರ ಕೇಳಿಸ್ಬೇಕು” ಎಂದ.

ಮಾಸ್ತರರು ಚಾಳೀಸಿನ ಗಾಜು ಒರೆಸುತ್ತ ಕೇಳಿದರು: “ನಾ ಮುಸಲ್ಮಾನನ ಅದೇನ್ರಿ. ಮಾತಾಡಿದ್ದೂ ಕೇಳಿದ್ರಿ. ಇನ್ನ ಹ್ಯಾಂಗ ಕೇಳಸಬೇಕ್ರಿ?”

ನಿರ್ದೇಶಕ ಅದೇ ಟೇಕ್ ಓಕೆ ಮಾಡಿದ. ಸ್ಟುಡಿಯೋದಲ್ಲಿ ಮಾತು ಮರುಮುದ್ರಿಸುವ ಡಬ್ಬಿಂಗ್‌ಗೂ ಮಾಸ್ತರರೇ ಬೆಂಗಳೂರಿಗೆ ಹೋಗಿಬಂದರು. ಗೆದ್ದೆವೆಂದು ನಾನು ಬೀಗಿದ್ದೆ.

ಬಿಡುಗಡೆಯ ದಿನ ಹುಬ್ಬಳ್ಳಿಯ ಚಿತ್ರಮಂದಿರದಲ್ಲಿ ಮಾಸ್ತರರು, ಅವರ ಹೆಂಡತಿ, ಹಳೆಯ ವಿದ್ಯಾರ್ಥಿಗಳು ಮತ್ತು ನಾನು ಒಂದೇ ಸಾಲಿನಲ್ಲಿ ಕುಳಿತಿದ್ದೆವು. ತೆರೆಯ ಮೇಲೆ ಮಾಸ್ತರರ ತುಟಿ ಅಲುಗಿತು. ಕೇಳಿಸಿದ್ದು ಬೇರೆ ಯಾರದೋ ದನಿ: “ನಿಮ್ದುಕೆ ಝಂಡಾ, ನಮ್ದುಕೆ ಝಂಡಾ, ಎಲ್ಲಾ ಒಂದೇ!” ಜನ ಗೊಳ್ಳೆಂದು ನಕ್ಕರು. ಹಿಂದೆಯೇ ದೇಶಭಕ್ತಿಯ ಸಂಗೀತ ಬಂದಾಗ ಅವರೇ ಚಪ್ಪಾಳೆ ತಟ್ಟಿದರು.

ಮಾಸ್ತರರು ನಡುವೆ ಎದ್ದು ಹೋಗಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, “ಬಾಯಾರ, ಜೀವನಪೂರ್ತಿ ಮಕ್ಕಳ ತಪ್ಪು ಕನ್ನಡ ತಿದ್ದೇನ್ರಿ. ಇವತ್ತ ಅವರ ಮುಂದನ ನನ್ನ ಬಾಯಾಗ ತಪ್ಪು ಕನ್ನಡ ಹಾಕ್ಯಾರ” ಎಂದರು.

ಅಲ್ಲಿಂದಲೇ ನಿರ್ದೇಶಕನಿಗೆ ಫೋನ್ ಮಾಡಿ ದನಿ ಬದಲಿಸಿದ್ದೇಕೆಂದು ಕೇಳಿದೆ. “ಪಾತ್ರ ಯಾರೂಂತ ಜನಕ್ಕೆ ತಕ್ಷಣ ಗೊತ್ತಾಗ್ಬೇಕಲ್ವಾ ಮೇಡಂ?” ಎಂದ.

“ಅದಕ್ಕ ಕನ್ನಡ ಬಲ್ಲವರ ಬಾಯಿ ಮುಚ್ಚಬೇಕೇನ್ರಿ?” ಎಂದೆ. ಆತ ಫೋನ್ ಇಟ್ಟುಬಿಟ್ಟ.

ಮೂಲ ದನಿಯನ್ನು ಮರಳಿ ಹಾಕಿ ಎಂದು ನಿರ್ಮಾಪಕರಿಗೆ ಮೂರು ಪತ್ರ ಬರೆದೆ. ಅವರು ಆನ್‌ಲೈನ್ ಆವೃತ್ತಿಯಿಂದ ನನ್ನ ಹೆಸರನ್ನು ತೆಗೆದರು. ದನಿ ಮರಳಲಿಲ್ಲ.

ಆ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಸಿನಿಮಾಗಳಿಗೆ ಐಕ್ಯ ಬೇಕು; ಆದರೆ ಮುಸಲ್ಮಾನ ಮುರುಕು ಕನ್ನಡ ಆಡಿದರೆ ಮಾತ್ರ ಅವನನ್ನು ಅಪ್ಪಿಕೊಳ್ಳುತ್ತವೆ. ಉಚ್ಚಾರ ತಿದ್ದುವುದಷ್ಟೇ ನನ್ನ ಕೆಲಸವೆಂದುಕೊಂಡಿದ್ದೆ. ಆ ದನಿಯನ್ನು ಕೊನೆಯ ಪ್ರತಿಯವರೆಗೆ ಕಾಯುವುದೂ ನನ್ನದೇ ಎಂದು ತಡವಾಗಿ ಕಲಿತೆ. ನಟರ ಒಪ್ಪಿಗೆಯಿಲ್ಲದೆ ದನಿ ಬದಲಿಸುವುದಿಲ್ಲ ಎಂದು ಸಹಿ ಮಾಡಿದ ನಿರ್ಮಾಪಕರ ಚಿತ್ರಕ್ಕೆ ಮಾತ್ರ ಈಗ ಹೋಗುತ್ತೇನೆ. ಇದುವರೆಗೆ ಸಹಿ ಮಾಡಿದವರು ಇಬ್ಬರೇ.