ಪ್ಲಗ್ಗಿಗೆ ಅಡ್ಡ ನಿಂತ ಜೊಹರಕ್ಕ

ಕುದುರೆಮುಖದ ಕಡೆಯಿಂದ ಮೊದಲ ಗುಡುಗು ಕೇಳಿಸಿತೋ, ನಮ್ಮ ಗುರುವಾಯನಕೆರೆಯಲ್ಲಿ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಏಳುತ್ತಾರೆ. ಟಿ.ವಿ.ಯ ಪ್ಲಗ್, ಫ್ರಿಜ್ಜಿನ ಪ್ಲಗ್, ಇಂಟರ್‌ನೆಟ್ಟಿನ ವಯರು, ಎಲ್ಲವನ್ನೂ ಎಳೆದು ಹಾಕಿದ ಮೇಲೆಯೇ ಉಸಿರು ಬಿಡುವುದು. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನಮಗದು ಹುಟ್ಟುಗುಣ. ಆದರೆ ನಮ್ಮ ಕಚೇರಿಯಲ್ಲಿ ಒಬ್ಬರು ಮಾತ್ರ ಆ ಹೊತ್ತಿಗೆ ಮೂಲೆಯ ಪ್ಲಗ್ಗಿನ ಮುಂದೆ ಎರಡೂ ಕೈ ಅಗಲಿಸಿ ನಿಲ್ಲುತ್ತಿದ್ದರು. ಅವರು ಜೊಹರಕ್ಕ.

“ಮುಟ್ಟಬೇಡಿ! ಗುಡುಗು ಇನ್ನೂ ಗುಡ್ಡೆಯ ಆಚೆ ಉಂಟು. ಮೊದ್ಲು ಬಂದ್ ಮಾಡುವ, ಮತ್ತೆ ಎಳೆಯುವ. ಎರಡು ನಿಮಿಷದಲ್ಲಿ ನಿಮ್ಮ ತಲೆ ಮೇಲೆ ಏನೂ ಬೀಳುವುದಿಲ್ಲ.”

ನಮ್ಮದು ಜಾಗ ಅಳೆದು ನಕ್ಷೆ ಮಾಡಿಕೊಡುವ ಕಚೇರಿ. ಯಜಮಾನರು ಜಗನ್ನಾಥ ಶೆಟ್ರು, ಖಾಸಗಿ ಸರ್ವೇಯರ್. ಒಂದು ಬೇಕರಿಯ ಮಾಳಿಗೆಯಲ್ಲಿ ಎರಡು ಕೋಣೆ, ನಕ್ಷೆ ಬಿಡಿಸುವ ನಾಲ್ಕು ಕಂಪ್ಯೂಟರು. ಮೂಲೆಯಲ್ಲಿ ಅದೇ ಜಾತಿಯ ಐದನೆಯದೊಂದು. ಶೆಟ್ರು ಇಪ್ಪತ್ತು ವರ್ಷ ಗುಡ್ಡ ಹತ್ತಿ, ತೋಡು ದಾಟಿ ಅಳೆದದ್ದೆಲ್ಲ ಆ ಐದನೆಯದರ ಹೊಟ್ಟೆಯಲ್ಲಿತ್ತು. ನಾವು ನಾಲ್ವರೂ ಅದರಿಂದಲೇ ನಕ್ಷೆ ತೆಗೆಯಬೇಕು, ಅದರಲ್ಲೇ ಇಡಬೇಕು. ಅದನ್ನೇ ನಾವು ಸರ್ವರ್ ಎನ್ನುತ್ತಿದ್ದೆವು.

ಜೊಹರಕ್ಕ ಟೈಪಿಸ್ಟ್ ಆಗಿ ಸೇರಿದವರು. ಆಗೆಲ್ಲ ಸರ್ವರ್ ಕೆಟ್ಟರೆ ಮಂಗಳೂರಿನಿಂದ ಒಬ್ಬ ತಂತ್ರಜ್ಞ ಬರಬೇಕು. ಫೋನ್ ಮಾಡಿದ ಮೂರನೆಯ ದಿನಕ್ಕೆ ಬಂದು, ಒಂದು ಗಂಟೆ ಏನೇನೋ ಒತ್ತಿ, ಏನು ಮಾಡಿದೆನೆಂದು ಹೇಳದೆ ಹೋಗುತ್ತಿದ್ದ. ಒಮ್ಮೆ ಜೊಹರಕ್ಕ ಅವನ ಬೆನ್ನ ಹಿಂದೆ ನೋಟ್ ಪುಸ್ತಕ ಹಿಡಿದು ನಿಂತರು. ಅವನು ನಕ್ಕ. “ಮೇಡಂ, ನೀವು ಬರೆದು ಏನು ಮಾಡ್ತೀರಿ? ಇದು ಸರ್ವರೇ ಅಲ್ಲ. ಸಾದಾ ಡೆಸ್ಕ್‌ಟಾಪ್.”

“ಸರ್ವರ್ ಅಂದ್ರೆ ಜಾತಿಯಾ? ಅದು ಕೆಲಸ. ಮಾಡಿದವನು ಸರ್ವರ್,” ಎಂದರು ಜೊಹರಕ್ಕ, ಬರೆಯುವುದನ್ನು ನಿಲ್ಲಿಸದೆ. ಆ ವರ್ಷದ ಕೊನೆಗೆ ಅವನನ್ನು ಕರೆಯುವುದೇ ನಿಂತಿತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬುರ್ಖಾ ಕಳಚಿ ಮೊಳೆಗೆ ತೂಗಿಸಿ, ಶಾಲನ್ನು ತಲೆಗೆ ಬಿಗಿಯುತ್ತಿದ್ದರು. ಮತ್ತೆ ಮಂಡಿಯೂರಿ ಮೇಜಿನ ಅಡಿಗೆ ಹೋಗುವುದು. ಐವತ್ತು ದಾಟಿದ ಹೆಂಗಸು, ಗಂಟುನೋವು ಬೇರೆ. ಆದರೂ ಪ್ರತಿಯೊಂದು ವಯರನ್ನು ಮುಟ್ಟಿ ನೋಡದೆ ಚಾ ಕುಡಿಯುತ್ತಿರಲಿಲ್ಲ. ನಮ್ಮೊಡನೆ ತುಳು, ಫೋನಿನಲ್ಲಿ ಬ್ಯಾರಿ, ಸರ್ವರಿನ ವಿಷಯಕ್ಕೆ ಬಂದರೆ ಶಾಲೆಯ ಕನ್ನಡ. ನಾನು “ಜೊಹರಕ್ಕ, ಸರ್ವರ್ ಹೋಯ್ತು!” ಎಂದು ಬೊಬ್ಬೆ ಹೊಡೆದರೆ ಅವರದ್ದು ಒಂದೇ ಉತ್ತರ. “ಎಲ್ಲಿಗೆ ಹೋಯ್ತು, ಮೂಡುಬಿದಿರೆಗಾ? ಮೊದ್ಲು ವಯರು ನೋಡು ಶಶಿ. ಮತ್ತೆ ಪ್ರೋಗ್ರಾಮು ನೋಡು. ಕೊನೆಗೆ ದೇವರನ್ನು ಕರಿ. ನೀನು ಎಲ್ಲ ಉಲ್ಟಾ ಮಾಡ್ತಿ.”

ನನ್ನ ಬಾಯಿಯ ಬಗ್ಗೆಯೂ ಇಲ್ಲಿ ಹೇಳಿಬಿಡುತ್ತೇನೆ. ನನ್ನ ಊರು ಪುತ್ತಿಗೆಯಿಂದ ಗುರುವಾಯನಕೆರೆಯವರೆಗೆ ಬಸ್ಸಿನ ಕಂಡಕ್ಟರ್ ಕೂಡ ನನ್ನೊಡನೆ ಚಿಲ್ಲರೆಗೆ ವಾದ ಮಾಡುವುದಿಲ್ಲ. ಬಾಯಿ ಇದ್ದವಳು ಎಂದು ಹೆಸರು ಪಡೆದವಳು ನಾನು. ಈ ಮಾತು ಮುಂದೆ ಬೇಕಾಗುತ್ತದೆ.

ಒಂದು ಕಾಲದಲ್ಲಿ ನಮ್ಮ ಸರ್ವರ್ ದಿನಾ ಮಧ್ಯಾಹ್ನ ಮಾಯವಾಗುತ್ತಿತ್ತು. ಊಟ ಮುಗಿಸಿ ಕೂತರೆ ಒಂದು ಫೈಲೂ ಸಿಗದು. ಅದರ ಹತ್ತಿರ ಹೋಗಿ ಮೌಸ್ ಅಲ್ಲಾಡಿಸಿ ನೋಡಿದರೆ ಏನೂ ಆಗದ ಹಾಗೆ ಕೂತಿರುತ್ತಿತ್ತು. ನಾನು ವಯರು ಹಳತಾಯಿತೆಂದೆ, ಇನ್ನೊಬ್ಬರು ವೈರಸ್ ಎಂದರು. ಶೆಟ್ರು ಮೆಲ್ಲಗೆ, ಕಚೇರಿಯ ಬಾಗಿಲಿನ ದಿಕ್ಕು ಸರಿ ಇಲ್ಲ, ಒಮ್ಮೆ ಜೋಯಿಸರನ್ನು ಕೇಳುವುದಾ ಎಂದರು. ಜೊಹರಕ್ಕ ಯಾರ ಮಾತಿಗೂ ಹೂಂ ಅನ್ನಲಿಲ್ಲ. ಮೂರು ದಿನ ಬುತ್ತಿ ತಂದು ಅದರ ಮುಂದೆಯೇ, ಕೈ ತಾಗಿಸದೆ, ಅದನ್ನೇ ನೋಡುತ್ತ ಉಂಡರು. ಮೂರನೆಯ ದಿನ ಬಾಯಲ್ಲಿ ತುತ್ತಿಟ್ಟುಕೊಂಡೇ ಕೂಗಿದರು. “ನಾವು ಉಣ್ಣುವಾಗ ಇದು ನಿದ್ರೆ ಮಾಡ್ತದೆ ಮಾರಾಯ್ತಿ!”

ಅಷ್ಟೇ ಆದದ್ದು. ಅರ್ಧ ಗಂಟೆ ಯಾರೂ ಮುಟ್ಟದೆ, ಫೈಲೂ ಕೇಳದೆ ಇದ್ದರೆ ಕರೆಂಟು ಉಳಿಸಲು ತಾನಾಗಿ ಮಲಗುವ ಗುಣ ಆ ಡೆಸ್ಕ್‌ಟಾಪಿಗಿತ್ತು. ಮೌಸ್ ಮುಟ್ಟಿದ ಕೂಡಲೇ ಏಳುತ್ತಿದ್ದ ಕಾರಣ ಹುಡುಕಲು ಹೋದವರಿಗೆಲ್ಲ ಸರಿಯಾಗಿಯೇ ಕಾಣುತ್ತಿತ್ತು. ಜೊಹರಕ್ಕ ಸೆಟ್ಟಿಂಗಿನಲ್ಲಿ ಆ ಗುಣವನ್ನೇ ತೆಗೆದು ಅದರ ನಿದ್ರೆ ಬಿಡಿಸಿದರು. ಪುಸ್ತಕದಲ್ಲಿ ಬರೆದರು: ಏನು ಕಂಡಿತು, ಏನು ಮಾಡಿದೆವು, ಏನಾಯಿತು. ಸ್ವಿಚ್ಚಿನ ಡಬ್ಬಿಯಲ್ಲಿ ಇರುವೆ ಗೂಡು ಕಟ್ಟಿದ್ದು, ಯಾರೋ ಚಾ ಚೆಲ್ಲಿದ್ದು, ಎಲ್ಲವೂ ಅದರಲ್ಲಿತ್ತು. ಚಾ ಚೆಲ್ಲಿದ್ದು ಯಾರು ಎಂಬುದು ಮಾತ್ರ ಇರಲಿಲ್ಲ.

“ಹೆಸರು ಬರೆಯಬಾರದು,” ಎನ್ನುತ್ತಿದ್ದರು. “ಹೆಸರು ಬರೆದ್ರೆ ಮರುದಿವಸದಿಂದ ಎಲ್ಲರೂ ಸುಳ್ಳು ಹೇಳ್ಲಿಕ್ಕೆ ಶುರು ಮಾಡ್ತಾರೆ. ಮತ್ತೆ ನಾನು ಯಾರ ಮುಖ ನೋಡಿ ರಿಪೇರಿ ಮಾಡುವುದು?”

ಅವರ ಇನ್ನೊಂದು ಪದ್ಧತಿ ಶುಕ್ರವಾರದ್ದು. ದಿನಾ ಸಂಜೆ ಎಲ್ಲ ನಕ್ಷೆಗಳನ್ನು ಒಂದು ಡಿಸ್ಕಿಗೆ ಇಳಿಸುತ್ತಿದ್ದರು. ಅಂಥವು ಎರಡಿದ್ದವು, ಒಂದು ಕಚೇರಿಯಲ್ಲಿ, ಇನ್ನೊಂದು ಹಾಲಿನ ಪುಡಿಯ ಡಬ್ಬಿಯಲ್ಲಿ ಬಟ್ಟೆ ಸುತ್ತಿಸಿಕೊಂಡು ಅವರ ಮನೆಯಲ್ಲಿ. ಅಷ್ಟನ್ನು ಎಲ್ಲರೂ ಮಾಡುತ್ತಾರೆ. ಆದರೆ ಶುಕ್ರವಾರ ಹನ್ನೊಂದು ಗಂಟೆಗೆ “ಶಶಿ, ಒಂದು ಹೆಸರು ಹೇಳು,” ಎನ್ನುತ್ತಿದ್ದರು. ನಾನು ಬಾಯಿಗೆ ಬಂದ ಹಳೆಯ ನಕ್ಷೆಯೊಂದನ್ನು ಹೇಳಬೇಕು. ಅದನ್ನು ಡಿಸ್ಕಿನಿಂದ ಬೇರೊಂದು ಕಂಪ್ಯೂಟರಿಗೆ ತಂದು, ತೆರೆದು, ಗಡಿಯ ಕಲ್ಲುಗಳನ್ನು ಬೆರಳಿಟ್ಟು ಎಣಿಸಿ, ಸರಿ ಇದೆಯೆಂದ ಮೇಲೆಯೇ ಏಳುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು. ಇದೆಂಥದ್ದು ಜೊಹರಕ್ಕ, ಇಟ್ಟದ್ದು ಇರುವುದಿಲ್ಲವಾ ಎಂದು ಕೇಳಿದ್ದೆ.

“ಕಳಿಸುವುದು ದೊಡ್ಡ ಸಂಗತಿ ಅಲ್ಲ. ವಾಪಸು ಬಂದ್ರೆ ಬಂತು ಅಂತ ಲೆಕ್ಕ. ನಾನು ಒಬ್ಬರನ್ನು ಸೌದಿಯ ದಮಾಮಿಗೆ ಕಳಿಸಿದ್ದೇನೆ, ಇಪ್ಪತ್ತೆರಡು ವರ್ಷ ಆಯ್ತು. ಅಲ್ಲೇ ಇನ್ನೊಂದು ಮನೆ ಮಾಡಿದ್ರು.” ಗಂಡನ ವಿಷಯ ಅವರು ನನ್ನೊಡನೆ ಆಡಿದ್ದು ಆ ಒಂದು ಸಲ ಮಾತ್ರ. ಆಮೇಲೆ ಶುಕ್ರವಾರ ನಗುವುದನ್ನು ನಾನು ಬಿಟ್ಟೆ.

ಶೆಟ್ರಿಗೆ ಮೊಣಕಾಲು ನೋವು ಹೆಚ್ಚಿದ ಮೇಲೆ ಕಚೇರಿ ನೋಡಿಕೊಳ್ಳಲು ಅವರ ಅಳಿಯ ಪ್ರಸಾದ್ ಬಂದರು. ಕೆಟ್ಟವರಲ್ಲ, ಆದರೆ ಅವಸರದ ಆಸಾಮಿ. ಬಂದ ತಿಂಗಳಲ್ಲೇ ಎಲ್ಲವನ್ನೂ ಇಂಟರ್‌ನೆಟ್ಟಿಗೆ ಏರಿಸುವ ವ್ಯವಸ್ಥೆ ಮಾಡಿ, ಇನ್ನು ಈ ಮುದಿ ಡಬ್ಬ ಬೇಡ, ಶುಕ್ರವಾರದ ಆಟವೂ ಬೇಡ ಎಂದರು. ಡಬ್ಬ ಹೋದರೆ ಜೊಹರಕ್ಕನಿಗೂ ಅಲ್ಲಿ ಕೆಲಸವಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಜೊಹರಕ್ಕ ಬೇಡ ಅನ್ನಲಿಲ್ಲ. “ಅಲ್ಲಿಯೂ ಇರಲಿ, ಇಲ್ಲಿಯೂ ಇರಲಿ. ಆದ್ರೆ ಅಲ್ಲಿಂದ ಒಂದು ವಾಪಸು ತಂದು ತೋರಿಸಿ. ಅಷ್ಟರವರೆಗೆ ನನ್ನ ಶುಕ್ರವಾರ ನಿಲ್ಲುವುದಿಲ್ಲ,” ಎಂದರು. ಪ್ರಸಾದ್ ತೋರಿಸಲಿಲ್ಲ, ಶುಕ್ರವಾರವೂ ನಿಲ್ಲಲಿಲ್ಲ.

ಎಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಜೊಹರಕ್ಕ ಹಳೆಯ ಅಳತೆಯ ದಾಖಲೆ ತರಲು ಬೆಳ್ತಂಗಡಿಗೆ ಹೋಗಿದ್ದರು. ಉಳಿದವರು ಊಟಕ್ಕೆ ಇಳಿದಿದ್ದರು. ನಾನೊಬ್ಬಳೇ ಇದ್ದೆ. ನಾರಾವಿಯ ಒಂದು ದೊಡ್ಡ ಜಾಗದ ನಕ್ಷೆಯನ್ನು ಆಗಷ್ಟೇ ಸರ್ವರಿಗೆ ಕಳಿಸಿದ್ದೆ, ಅದು ಇನ್ನೂ ಹೋಗುತ್ತಿತ್ತು. ಆಗ ನೆತ್ತಿಯ ಮೇಲೆಯೇ ಗುಡುಗಿತು. ಇಷ್ಟು ವರ್ಷ ಅವರು ಕೈ ಅಗಲಿಸಿ ನಿಂತದ್ದೆಲ್ಲ ಎಲ್ಲಿ ಹೋಯಿತೋ, ದೇವರೇ ಬಲ್ಲ. ನನ್ನ ಕಾಲು ಓಡಿತು, ಕೈ ಎಳೆಯಿತು. ಸರ್ವರಿನ ಪ್ಲಗ್ ನನ್ನ ಕೈಯಲ್ಲಿತ್ತು. ಮಳೆ ಹೋದ ಮೇಲೆ ಪ್ಲಗ್ ಹಾಕಿದರೆ ಕಪ್ಪು ಪರದೆ, ಎರಡು ಸಾಲು ಬಿಳಿ ಅಕ್ಷರ. ಮತ್ತೆ ಏಳಲಿಲ್ಲ.

ಊಟ ಮುಗಿಸಿ ಬಂದ ಪ್ರಸಾದ್‌ಗೆ ಇದೇ ಬೇಕಿತ್ತು. ಸತ್ತಿತಲ್ಲ, ಒಳ್ಳೆಯದಾಯಿತು, ಎಲ್ಲ ನೆಟ್ಟಿನಲ್ಲಿ ಉಂಟು ಎಂದು ಕೂತರು. ನಾರಾವಿಯವರು ಮರುದಿನ ನಕ್ಷೆಗೆ ಬರುವವರಿದ್ದರು, ಶೆಟ್ರು ಅದರ ಹಳೆಯ ಅಳತೆ ತೆರೆಯಲು ಹೇಳಿದರು. ಪರದೆಯಲ್ಲಿ ಫೈಲಿನ ಹೆಸರು ಬಂತು, ಫೈಲು ಬರಲಿಲ್ಲ. ಇನ್ನೊಂದು, ಮತ್ತೊಂದು. ಬರೇ ಹೆಸರುಗಳು. ಅಲ್ಲಿ ಶುರುವಿನಲ್ಲೇ ಜಾಗ ತುಂಬಿ, ಹೆಸರುಗಳ ಪಟ್ಟಿ ಬಿಟ್ಟರೆ ಏನೂ ಏರಿರಲೇ ಇಲ್ಲ. ಶೆಟ್ರು ಕುರ್ಚಿಯಲ್ಲಿ ಕುಸಿದು, “ಇಪ್ಪತ್ತು ವರ್ಷ ಮಾರಾಯ್ರೆ,” ಎಂದರು. ಆ ಗಾಬರಿಯಲ್ಲಿ ಜೊಹರಕ್ಕನ ಡಿಸ್ಕಿನ ನೆನಪು ಯಾರಿಗೂ ಬರಲಿಲ್ಲ. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ನಾಲ್ಕು ಗಂಟೆಗೆ ಜೊಹರಕ್ಕ ಮೆಟ್ಟಿಲು ಹತ್ತಿ ಬಂದರು. ಕಪ್ಪು ಪರದೆ ನೋಡಿದರು, ಪ್ಲಗ್ ನೋಡಿದರು, ನಮ್ಮ ಮುಖಗಳನ್ನು ನೋಡಿದರು. ಒಂದು ಮಾತೂ ಕೇಳದೆ ಬುರ್ಖಾ ಮೊಳೆಗೆ ತೂಗಿಸಿ, ನನ್ನ ಕಂಪ್ಯೂಟರನ್ನೇ ಎತ್ತಿ ಮೂಲೆಗೆ ಇಟ್ಟರು. ಹಳೆಯದಕ್ಕಿದ್ದ ಹೆಸರನ್ನೂ ನಂಬರನ್ನೂ ಅದಕ್ಕೆ ಕೊಟ್ಟರು, ಉಳಿದ ಮೂರು ಅದನ್ನೇ ಸರ್ವರ್ ಎಂದು ನಂಬುವ ಹಾಗೆ. ಡಿಸ್ಕ್ ಸಿಕ್ಕಿಸಿದರು. ಆರು ಗಂಟೆಯ ಹೊತ್ತಿಗೆ ನಾರಾವಿಯ ಹಳೆಯ ಅಳತೆ ಶೆಟ್ರ ಮುಂದಿನ ಪರದೆಯಲ್ಲಿತ್ತು, ಒಂದು ಕಲ್ಲೂ ತಪ್ಪದೆ. ಹೋದದ್ದು ಆ ದಿನ ನಾನು ಗೆರೆ ಎಳೆದದ್ದು ಮಾತ್ರ.

ಮುಖಭಂಗವಾದವರಿಗೆ ಯಾರದ್ದಾದರೂ ತಪ್ಪು ಬೇಕಲ್ಲ. ಪ್ರಸಾದ್ ಮರುದಿನ ಎಲ್ಲರನ್ನೂ ನಿಲ್ಲಿಸಿ ಆ ಪುಸ್ತಕ ತೆರೆದರು. ಜೊಹರಕ್ಕ ಬರೆದಿದ್ದರು: ಗುಡುಗು ಬಂದಾಗ ಬಂದ್ ಮಾಡದೆ ಪ್ಲಗ್ ಎಳೆದದ್ದು.

“ಯಾರು ಎಳೆದದ್ದು? ಹೆಸರು ಎಲ್ಲಿ?”

“ಇದು ಹೆಸರು ಬರೆಯುವ ಪುಸ್ತಕ ಅಲ್ಲ.”

“ಹಾಗಾದ್ರೆ ಸರ್ವರ್ ನಿಮ್ಮದು, ತಪ್ಪೂ ನಿಮ್ಮದು. ಈ ತಿಂಗಳಿಗೆ ಮುಗಿಸಿ.”

“ಆಗಲಿ, ಮುಗಿಸ್ತೇನೆ,” ಎಂದರು ಜೊಹರಕ್ಕ. “ಹೆಸರು ಮಾತ್ರ ಬರೆಯುವುದಿಲ್ಲ.”

ಶೆಟ್ರು ತಲೆ ತಗ್ಗಿಸಿ ಕೂತಿದ್ದರು. ಮತ್ತು ನಾನು, ಬಾಯಿ ಇದ್ದವಳು, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಛೀ! ಇವತ್ತಿಗೂ ಆ ಕ್ಷಣ ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮನೆ ನಡೆಯುವುದು ನನ್ನ ಸಂಬಳದಿಂದ ಎಂದು ಹೆದರಿದೆ, ನಿಜ. ಅವರ ಮನೆಯೂ ಅವರ ಸಂಬಳದಿಂದಲೇ ನಡೆಯುತ್ತಿತ್ತು.

ಉಳಿದ ದಿನಗಳಲ್ಲಿ ಅವರು ನನಗೆ ಎಲ್ಲವನ್ನೂ ಕಲಿಸಿದರು. ಕೊನೆಯ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹಾಲಿನ ಪುಡಿಯ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ನಾನು ಅತ್ತೇಬಿಟ್ಟೆ. “ಜೊಹರಕ್ಕ, ಪ್ಲಗ್ ಎಳೆದದ್ದು ನಾನು.”

“ನನಗೆ ಆವತ್ತೇ ಗೊತ್ತುಂಟು. ನಾನು ಬಂದಾಗ ನಿನ್ನ ಬಾಯಿ ಮುಚ್ಚಿತ್ತು. ಅದು ಸುಮ್ಮನೆ ಮುಚ್ಚುವ ಬಾಯಿಯಾ?” ನಕ್ಕರು. ಮತ್ತೆ ನಗು ನಿಲ್ಲಿಸಿ, “ನನಗೆ ಹೇಳಿ ಏನು ಪ್ರಯೋಜನ ಶಶಿ?” ಎಂದು ಮೂಡುಬಿದಿರೆಯ ಬಸ್ ಹತ್ತಿದರು. ಅಲ್ಲಿ ಅವರ ತಂಗಿಯ ಮನೆಯಿದೆ.

ಮರುದಿನ ಶುಕ್ರವಾರ. ಹನ್ನೊಂದು ಗಂಟೆಗೆ ನಾನು ಡಬ್ಬಿ ತೆರೆದು, ನನಗೆ ನಾನೇ ಒಂದು ಹೆಸರು ಹೇಳಿಕೊಂಡು, ನಕ್ಷೆಯನ್ನು ವಾಪಸು ತಂದು ಕಲ್ಲು ಎಣಿಸಲು ಕೂತೆ. ಪ್ರಸಾದ್ ಬಂದು, “ಇದು ಬೇಡ ಅಂತ ಹೇಳಿದ್ದೇನಲ್ಲ?” ಎಂದರು. ಬೆಳಿಗ್ಗೆಯೇ ಬರೆದಿಟ್ಟಿದ್ದ ಪುಟವನ್ನು ಅವರ ಮುಂದೆ ಬಿಡಿಸಿ ಇಟ್ಟೆ. ಜೊಹರಕ್ಕನ ಸಾಲಿನ ಕೆಳಗೆ ದೊಡ್ಡ ಅಕ್ಷರದಲ್ಲಿತ್ತು: ಎಳೆದವಳು ಶಶಿಕಲಾ.

“ನಾನು ಎಳೆದದ್ದು. ಒಳಗಿರುವವರಿಗೂ ಕೇಳಲಿ, ನಾನೇ! ಅವರನ್ನು ಕಳಿಸಿದ ಹಾಗೆ ನನ್ನನ್ನೂ ಕಳಿಸಿ. ಕಳಿಸುವವರೆಗೆ ಶುಕ್ರವಾರ ನಿಲ್ಲುವುದಿಲ್ಲ.”

ಒಳಕೋಣೆಯಿಂದ ಶೆಟ್ರು ಕುಂಟುತ್ತ ಹೊರಗೆ ಬಂದರು. ಪುಟ ಓದಿದರು. ಅಳಿಯನ ಮುಖ ನೋಡಲಿಲ್ಲ, ನನ್ನದೂ ನೋಡಲಿಲ್ಲ. ಫೋನ್ ತೆಗೆದು ಜೊಹರಕ್ಕನಿಗೆ ಮಾಡಿದರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

“ಜೊಹರಾ, ತಪ್ಪಾಯ್ತು. ಸೋಮವಾರದಿಂದ ಬನ್ನಿ.”

ಆ ಕಡೆ ಬಸ್ಸಿನ ಹಾರ್ನ್, ಅದರ ನಡುವೆ ಜೊಹರಕ್ಕನ ದನಿ. “ಶಶಿ ಬಾಯಿ ಬಿಟ್ಟಳಾ?”

“ಬಿಟ್ಟಳು.”

“ಸಾಕು. ಫೈಲು ವಾಪಸು ತರ್ಲಿಕ್ಕೆ ಅವಳಿಗೆ ಗೊತ್ತುಂಟು. ಮನುಷ್ಯರನ್ನು ಹಾಗೆ ತರ್ಲಿಕ್ಕೆ ಆಗುವುದಿಲ್ಲ ಶೆಟ್ರೆ. ಇಡ್ತೇನೆ.”

ಮತ್ತೆ ಅವರು ಗುರುವಾಯನಕೆರೆಗೆ ಬರಲಿಲ್ಲ. ಮೂಡುಬಿದಿರೆಯಲ್ಲಿ ಯಾವುದೋ ಕಚೇರಿಯ ಮೂಲೆಯಲ್ಲಿ ಒಂದು ಸಾದಾ ಡೆಸ್ಕ್‌ಟಾಪನ್ನು ಸರ್ವರ್ ಮಾಡಿ ಕೂತಿದ್ದಾರಂತೆ. ನನ್ನನ್ನು ಯಾರೂ ಕಳಿಸಲಿಲ್ಲ. ಕಳೆದ ವಾರ ಗುಡುಗಿದಾಗ ಮೊದಲು ಓಡಿ ಬಂದವರು ಪ್ರಸಾದ್. ನಾನು ಎರಡೂ ಕೈ ಅಗಲಿಸಿ ಪ್ಲಗ್ಗಿಗೆ ಅಡ್ಡ ನಿಂತೆ. ಸರ್ವರ್ ಬಂದ್ ಆಗುವವರೆಗೆ ಎರಡು ನಿಮಿಷ ಅವರು ನನ್ನ ಮುಂದೆ ಸುಮ್ಮನೆ ನಿಂತಿದ್ದರು. ಆ ಪುಸ್ತಕದಲ್ಲಿ ಇವತ್ತಿಗೂ ಇರುವುದು ಒಂದೇ ಹೆಸರು. ಅದನ್ನು ಹೊಡೆದು ಹಾಕುವ ಎಂದು ಶೆಟ್ರು ಎರಡು ಸಲ ಹೇಳಿದರು. ನಾನು ಬಿಟ್ಟಿಲ್ಲ.